ನರೋಣಾದ ಸವಿತಾ ಟೀಚರ್ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡದ್ದು

ಬಿಪಿ ನೋಡುವುದು, ಬೆರಳು ಚುಚ್ಚಿ ಸಕ್ಕರೆ ನೋಡುವುದು, ಒಂದು ತಿಂಗಳ ಗುಳಿಗೆ ಕೊಟ್ಟು ಕಳಿಸುವುದು. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯವರ ಕ್ಲಿನಿಕ್ಕಿಗೆ ಹೊಸದಾಗಿ ಬರುವ ನರ್ಸುಗಳು ಕೆಲಸ ಇಷ್ಟೇ ಅಂದುಕೊಂಡಿರುತ್ತಾರೆ. ಸೇರಿದ ಹೊಸದರಲ್ಲಿ ನಾನೂ ಹಾಗೆಯೇ ಅಂದುಕೊಂಡಿದ್ದೆ. ಅಫಜಲಪುರದಲ್ಲಿ ಕೆಲಸ ಶುರು ಮಾಡಿ, ಜೇವರ್ಗಿಯಲ್ಲಿ ಬಹಳ ವರ್ಷ ಇದ್ದು, ಕಡೆಗೆ ಆಳಂದದಲ್ಲಿ ನಿವೃತ್ತಳಾದೆ. ಯಾವ ವರ್ಷ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆದರೆ ಈ ಕೆಲಸಕ್ಕೆ ಹೊಸದಾಗಿ ಬರುವ ನಿಮಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಕೊಬ್ಬು, ತೂಕ, ಹೃದಯ, ಈ ಮೂರರ ನಡುವಿನ ಸಂಬಂಧವನ್ನು ನನಗೆ ಕಲಿಸಿದ ಮೂವರ ಬಗ್ಗೆ ಬರೆಯುತ್ತೇನೆ. ಅವರಲ್ಲಿ ಇಬ್ಬರ ಮಾತು ಸಣ್ಣದು. ಮೂರನೆಯವಳೇ ನರೋಣಾದ ಸವಿತಾ ಟೀಚರ್.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ರಕ್ತದ ಕೊಬ್ಬು ನೋಡಬೇಕೆಂದರೆ ಗುಲಬರ್ಗಾಕ್ಕೇ, ಅಂದರೆ ಈಗಿನ ಕಲಬುರಗಿಗೇ, ಕಳಿಸಬೇಕಿತ್ತು. ರಕ್ತದ ಸೀಸೆಯನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲಿಟ್ಟು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ರಿಪೋರ್ಟ್ ಬರುವಷ್ಟರಲ್ಲಿ ರೋಗಿ ಊರು ಸೇರಿ ಅದನ್ನು ಮರೆತೇ ಬಿಟ್ಟಿರುತ್ತಿದ್ದ. ಹಾಗಾಗಿ ಯಾರೂ ಆ ಪರೀಕ್ಷೆ ಬರೆಯುತ್ತಲೂ ಇರಲಿಲ್ಲ. ಕೊಬ್ಬು ಅಂದರೆ ದಪ್ಪಗಿದ್ದವರ ಕಾಯಿಲೆ ಎಂದು ಜನ ನಂಬಿದ್ದರು. ನಾವೂ ಅರ್ಧ ನಂಬಿದ್ದೆವು.

ಒಂದು ಬೆಳಿಗ್ಗೆ ಅತನೂರಿನಿಂದ ಭೀಮಾಶಂಕರ ಎಂಬ ಕಬ್ಬು ಬೆಳೆಯುವ ರೈತ ಬಂದ. ಒಣಕಲು ದೇಹ, ಪಕ್ಕೆಲುಬು ಎಣಿಸಬಹುದಿತ್ತು. ಎದೆಯ ಮೇಲೆ ಕೈ ಇಟ್ಟುಕೊಂಡೇ ನಗುತ್ತಿದ್ದ. ದಾರಿಯಲ್ಲಿ ನಿಂಬೆ ಸೋಡಾ ಕುಡಿದು, ನೋವು ಇಳಿಯುತ್ತದೇನೋ ಎಂದು ಬಸ್ ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕೂತಿದ್ದು ಬಂದಿದ್ದ.

"ಏನಿಲ್ರಿ ಸಿಸ್ಟರ್, ಗ್ಯಾಸ್ ಅದ. ರೊಟ್ಟಿ ಜೋಡಿ ಶೇಂಗಾ ಹಿಂಡಿ ಜಾಸ್ತಿ ಆಗ್ಯಾದ. ಒಂದ್ ಸೂಜಿ ಮಾಡಿ ಬಿಡ್ರಿ, ಹೊಲಕ್ಕ ನೀರ್ ಬಿಡೂದದ," ಅಂದ.

ನಮ್ಮ ಹಿರಿಯ ನರ್ಸ್ ಸುಮಂಗಲಾ ಬಾಯಿಯವರು ಅವನ ಮುಖದ ಬೆವರನ್ನು ನೋಡಿದರು. "ಗ್ಯಾಸ್ ಹೌದೋ ಅಲ್ಲೋ ಆಮ್ಯಾಲೆ ನೋಡೂಣು. ಮದಲ ಅಡ್ಡ ಮಲಗ್ರಿ," ಅಂದವರೇ ನನ್ನ ಕಡೆ ತಿರುಗಿ ಇಸಿಜಿ ಮಷೀನು ತರಲು ಹೇಳಿದರು. ಎದೆಗೆ ವೈರು ಹಚ್ಚುವಾಗಲೂ ಅವನು, "ಇದನ್ನ ಹಚ್ಚಿ ನನ್ನ ಮೋಟರ್ ಚಾಲೂ ಮಾಡ್ತೀರೇನ್ರಿ?" ಎಂದು ನಗೆಯಾಡಿದ. ಡಾಕ್ಟರು ಬಂದು ಸೂಜಿ ಮಾಡಿ, ದೊಡ್ಡ ಆಸ್ಪತ್ರೆಗೆ ಸಾಗಿಸಲು ಜೀಪು ಹೊರಡಿಸುವಷ್ಟರಲ್ಲಿ ಅವನು ಹೋಗಿಬಿಟ್ಟ.

ಜೊತೆಗೆ ಬಂದಿದ್ದ ಅವನ ಹೆಂಡತಿ ಅಳಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡು ಒಂದೇ ಮಾತು ಕೇಳಿದಳು. "ಅವರು ದಪ್ಪ ಇರಲಿಲ್ಲಲ್ರಿ? ದಪ್ಪ ಇದ್ದವರಿಗೆ ಅಲ್ರಿ ಹಾರ್ಟ್ ಅಟ್ಯಾಕ್ ಆಗೂದು?"

ಮಲಗಿಸಿದಾಗಲೇ ತೆಗೆದಿಟ್ಟಿದ್ದ ರಕ್ತವನ್ನು ಸುಮಂಗಲಾ ಬಾಯಿ ಹಟ ಮಾಡಿ ಗುಲಬರ್ಗಾಕ್ಕೆ ಕಳಿಸಿದರು. ಕೊಬ್ಬು ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಿತ್ತು. ಆವತ್ತಿನಿಂದ ಕಣ್ಣಿಗೆ ಕಾಣುವ ಮೈಯನ್ನು ನೋಡಿ ಒಳಗಿನ ರಕ್ತವನ್ನು ಅಳೆಯುವುದನ್ನು ಬಿಟ್ಟೆ. ಎದೆ ಹಿಡಿದುಕೊಂಡು ಬಂದವರನ್ನು ಕೂಡಿಸಿ ಹೆಸರು, ಊರು ಬರೆದುಕೊಳ್ಳುವ ಕೆಲಸವನ್ನು ಮೊದಲು ಮಾಡಲೇ ಇಲ್ಲ. ಮಲಗಿಸು, ಇಸಿಜಿ ಮಾಡು, ಹೆಸರು ಆಮೇಲೆ. ನೀವೂ ಹಾಗೇ ಮಾಡಿ.

ಜೇವರ್ಗಿಗೆ ವರ್ಗವಾಗಿ ಕೆಲವು ವರ್ಷ ಕಳೆದ ಮೇಲೆ ಇದಕ್ಕೆ ತಿರುವುಮುರುವಾದ ಒಂದು ಪ್ರಕರಣ ನೋಡಿದೆ. ಕೊಳಕೂರಿನ ಶರಣಪ್ಪ ತೊಗರಿ ವ್ಯಾಪಾರಿ. ಮೊದಲು ಅವರು ಕ್ಲಿನಿಕ್ಕಿಗೆ ಬಂದರೆ ಎರಡು ಕುರ್ಚಿ ಜೋಡಿಸಬೇಕಿತ್ತು. ಸಕ್ಕರೆ, ಬಿಪಿ, ಕೊಬ್ಬು ಮೂರೂ ಇದ್ದವು. ಒಂದು ವರ್ಷ ಕಾಣಲೇ ಇಲ್ಲ. ಆಮೇಲೆ ಬಂದಾಗ ಗುರುತು ಸಿಗಲಿಲ್ಲ. ಅಂಗಿ ಗೂಟಕ್ಕೆ ನೇತುಹಾಕಿದ ಹಾಗಿತ್ತು, ಮುಖದಲ್ಲಿ ಮಾತ್ರ ಮದುಮಗನ ಕಳೆ.

"ಆಪರೇಶನ್ ಮಾಡಿಸೇನ್ರಿ ಸಿಸ್ಟರ್. ಹೊಟ್ಟಿ ಕೊಯ್ದು ಬಾಳಿಹಣ್ಣಿನಷ್ಟ ಮಾಡ್ಯಾರ. ಈಗ ಅರ್ಧ ರೊಟ್ಟಿಗಿ ಹೊಟ್ಟಿ ತುಂಬತದ. ಗುಳಿಗಿ ಎಲ್ಲಾ ಬಂದ್!"

ಅಂಥ ಆಪರೇಷನ್ ಮಾಡಿಸಿಕೊಂಡವರನ್ನು ನಾನು ನೋಡಿದ್ದು ಅದೇ ಮೊದಲು. ಸಕ್ಕರೆಯ ಗುಳಿಗೆ ನಿಲ್ಲಿಸಲು ಅಲ್ಲಿನ ಡಾಕ್ಟರೇ ಹೇಳಿದ್ದರು. ಅದು ಸರಿಯೇ, ಸಕ್ಕರೆ ನಿಜವಾಗಿಯೂ ಇಳಿದಿತ್ತು. ಆದರೆ ಕೊಬ್ಬಿನ ಗುಳಿಗೆಯನ್ನು ಶರಣಪ್ಪ ತಾವೇ ಬಿಟ್ಟಿದ್ದರು. ಯಾವುದೋ ಜಾಹೀರಾತಿನಲ್ಲಿ 'ತೂಕ ಇಳಿಸಿ, ಎಲ್ಲ ಗುಳಿಗೆಗಳಿಂದ ಬಿಡುಗಡೆ ಪಡೆಯಿರಿ' ಎಂದು ನೋಡಿದ್ದರಂತೆ. ರಕ್ತ ಕೊಟ್ಟು ಹೋಗಿ ಎಂದು ಬೇಡಿಕೊಂಡೆ. ಹೊಸ ಅಂಗಿ ಹೊಲಿಸಲು ಅಳತೆ ಕೊಡಬೇಕಾಗಿದೆ, ಮುಂದಿನ ವಾರ ಬರುತ್ತೇನೆ ಎಂದು ಹೋದರು. ಬರಲಿಲ್ಲ. ಮುಂದೆ ಅವರನ್ನು ಹಾರ್ಟ್ ಅಟ್ಯಾಕ್ ಆಗಿ ಸ್ಟ್ರೆಚರಿನ ಮೇಲೆ ತಂದರು.

ಅವರು ಬದುಕಿದರು. ಕಲಬುರಗಿಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದರು. ನಮ್ಮಲ್ಲಿದ್ದ ಡಾ. ಇನಾಮದಾರರು ಬೈಯುವುದರಲ್ಲಿ ಹೆಸರುವಾಸಿಯಾಗಿದ್ದ ವೈದ್ಯರು. ಆದರೆ ಆವತ್ತು ಬೈಯಲಿಲ್ಲ. ಶರಣಪ್ಪನ ಪಕ್ಕದಲ್ಲಿ ಕೂತು ಹೇಳಿದರು: "ನೋಡ್ರಿ, ನಿಮ್ಮ ಆಪರೇಶನ್ ಸುಳ್ಳಲ್ಲ. ತೂಕ ಇಳೀತು, ಸಕ್ಕರಿ ಇಳೀತು, ಟ್ರೈಗ್ಲಿಸರೈಡ್ ಅನ್ನೂ ಕೊಬ್ಬೂ ಇಳಿದದ. ಖರೇ, ರಕ್ತನಾಳಕ್ಕ ಹೋಗಿ ಅಂಟಿಕೊಳ್ಳೂ ಕೆಟ್ಟ ಕೊಬ್ಬು ಬ್ಯಾರೇನೇ. ಅದನ್ನ ನಿಮ್ಮ ಲಿವರ್ ತಾನೇ ತಯಾರ್ ಮಾಡತದ. ನೀವು ಮಾಡಿಸಿದ ಈ ನಮೂನಿ ಆಪರೇಶನ್‌ದಾಗ ಅದು ಅಷ್ಟಾಗಿ ಇಳಿಯಂಗಿಲ್ಲ. ನೀವು ಅದರ ಗುಳಿಗೀನೇ ಬಿಟ್ರಿ."

ಈ ಪ್ರಕರಣದ ನಂತರ ಡಾ. ಇನಾಮದಾರರಿಗೆ ಆ ಆಪರೇಷನ್ನಿನ ಹೆಸರೆತ್ತಿದರೆ ಸಿಟ್ಟು ಬರುತ್ತಿತ್ತು. ದೊಡ್ಡ ಊರಿನವರ ಷೋಕಿ ಅನ್ನುತ್ತಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಾನು ಆಳಂದಕ್ಕೆ ಬರುವ ಹೊತ್ತಿಗೆ ಅವರೂ ವರ್ಗವಾಗಿ ಅಲ್ಲಿದ್ದರು. ಸವಿತಾ ಟೀಚರ್ ಬಂದಾಗ ಅವಳು ಎದುರಿಸಬೇಕಾಗಿ ಬಂದ ಮೊದಲ ಗೋಡೆ ಅವರೇ.

ಸವಿತಾ ನರೋಣಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ವಯಸ್ಸು ನಲವತ್ತರ ಹತ್ತಿರ. ಮೊದಲ ದಿನ ಅವಳು ನಮ್ಮ ತೂಕದ ಯಂತ್ರದ ಮೇಲೆ ನಿಂತಾಗ ಮುಳ್ಳು ಕೊನೆಯ ಅಂಕಿಗೆ ಹೋಗಿ ಬಡಿದು ನಿಂತಿತು. ಸಾಲಿನಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು. ಅವಳು ಇಳಿದು ಚಪ್ಪಲಿ ಮೆಟ್ಟಿಕೊಳ್ಳುತ್ತ, "ನಗಬ್ಯಾಡ್ರಿ. ಮಷೀನ್ ಸಣ್ಣದದ, ಅದಕ್ಕ ನಾ ಏನ್ ಮಾಡ್ಲಿ?" ಅಂದಳು.

ಪೇಟೆಯಲ್ಲಿ ತೊಗರಿ ಚೀಲ ತೂಗುವ ಕಾಟಾ ಇದೆಯಲ್ಲ, ಅಲ್ಲಿ ನಿಲ್ಲಿಸಿದರಾಯಿತು ಎಂದು ನಮ್ಮ ಆಯಾ ಸಲಹೆ ಕೊಟ್ಟಳು. ಅವಳ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ನಾನು ಒಪ್ಪಲಿಲ್ಲ. ಓದಿದ, ದುಡಿಯುವ, ಮಾನವಂತ ಹೆಂಗಸನ್ನು ಚೀಲದ ಹಾಗೆ ತೂಗುವುದು ನನ್ನಿಂದಾಗದು. ಆಫೀಸಿನವರ ಬೆನ್ನು ಬಿದ್ದು, ಹೆಚ್ಚು ತೂಕ ತಡೆಯುವ ಯಂತ್ರ ತರಿಸಿ, ಮೂಲೆಯಲ್ಲಿಟ್ಟು ಪರದೆ ಕಟ್ಟಿಸಿದೆ. ಆಮೇಲೆ ಯಾರ ತೂಕದ ಅಂಕಿಯನ್ನೂ ಗಟ್ಟಿಯಾಗಿ ಹೇಳಲು ಬಿಡಲಿಲ್ಲ. ಹೊಸ ಹುಡುಗಿಯರಿಗೆ ನಾನು ಹೇಳಿಕೊಟ್ಟ ಮೊದಲ ಪಾಠ ಅದು: ತೂಕ ನೋಡುವಾಗ ಪರದೆ ಎಳೆಯಿರಿ. ಒಮ್ಮೆ ಅವಮಾನವಾದರೆ ರೋಗಿ ಮತ್ತೆ ಬರುವುದಿಲ್ಲ. ಬಾರದಿದ್ದರೆ ನಮ್ಮ ಓದೆಲ್ಲ ವ್ಯರ್ಥ.

ಸವಿತಾಳಿಗೆ ಬಿಪಿ ಇತ್ತು, ರಕ್ತದಲ್ಲಿ ಸಕ್ಕರೆ ಹೆಚ್ಚಿತ್ತು, ಕೆಟ್ಟ ಕೊಬ್ಬು ಅದಕ್ಕಿಂತ ಗಾಬರಿ ಹುಟ್ಟಿಸುವಷ್ಟಿತ್ತು. ಮನೆಯವರ ಬಗ್ಗೆ ಕೇಳಿದೆ. ಅವಳ ತಂದೆ ಮಾರುತಿ ಮಾಸ್ತರರು ಪ್ರಾಥಮಿಕ ಶಾಲೆಯಲ್ಲಿದ್ದವರು. ಅವಳು ಇನ್ನೂ ಹೈಸ್ಕೂಲು ಓದುವಾಗಲೇ, ಸಂತೆಯಿಂದ ಬರುತ್ತ ಕೈಚೀಲ ಹಿಡಿದುಕೊಂಡೇ ಬಸ್ ನಿಲ್ದಾಣದಲ್ಲಿ ಕುಸಿದು ತೀರಿಕೊಂಡಿದ್ದರು. ಅಣ್ಣ ಮಿಲಿಂದ ಬ್ಯಾಂಕಿನಲ್ಲಿದ್ದವನು. ಅವನೂ ತಂದೆಯ ವಯಸ್ಸು ಮುಟ್ಟುವ ಮೊದಲೇ ಹಾಗೆಯೇ ಹೋದ. ಈಗ ಮನೆಯಲ್ಲಿದ್ದವರು ತಾಯಿ ಶಾಂತಾಬಾಯಿ, ಅತ್ತಿಗೆ ಮತ್ತು ಅಣ್ಣನ ಮಗಳು ಪ್ರಜ್ಞಾ. ಸವಿತಾ ಮದುವೆಯಾಗಿರಲಿಲ್ಲ.

"ಮುಂದಿನ ಪಾಳಿ ನಂದೇ ಅಂತ ಗೊತ್ತದ್ರಿ ಸಿಸ್ಟರ್," ಅಂದಳು. ಅಳುದನಿಯಲ್ಲಿ ಅಲ್ಲ, ಪಾಠ ಓದುವ ದನಿಯಲ್ಲಿ. "ನಸುಕಿನ್ಯಾಗ ಎದ್ದು ಅಡ್ಡಾಡೇನಿ. ಅನ್ನ ಬಿಟ್ಟೇನಿ. ಇಳೀತದ, ಮತ್ತ ಮೊದಲಿಗಿಂತ ಜಾಸ್ತಿ ಏರತದ. ಮೊಣಕಾಲು ಹೋಗ್ಯಾವ. ಬೋರ್ಡ್ ಮ್ಯಾಲೆ ಒಂದು ಚಿತ್ರ ತಗದ್ರ ಕುರ್ಚಿ ಮ್ಯಾಲೆ ಕೂಡಬೇಕಾಗತದ. ಆ ಹೊಟ್ಟಿ ಆಪರೇಶನ್ ಬಗ್ಗೆ ಓದೇನ್ರಿ. ನನಗ ಬರ್ತದೇನು, ಅಷ್ಟ ಹೇಳ್ರಿ."

ಅವಳನ್ನು ಡಾ. ಇನಾಮದಾರರ ಮುಂದೆ ಕರೆದುಕೊಂಡು ಹೋದೆ. ಅವರು ರಿಪೋರ್ಟ್ ನೋಡಿ ಕನ್ನಡಕ ತೆಗೆದರು. "ಊಟ ಕಡಿಮಿ ಮಾಡ್ರಿ ಟೀಚರ್. ಹೊಟ್ಟಿ ಕೊಯ್ಸೂದು ಬ್ಯಾಡ." ನನ್ನ ಕಡೆ ತಿರುಗಿ, "ಆ ಶರಣಪ್ಪನ್ನ ಮರತ್ರೇನು ಸಿಸ್ಟರ್?" ಅಂದರು.

ಸಾಮಾನ್ಯವಾಗಿ ನಾನು ಡಾಕ್ಟರರ ಮಾತಿಗೆ ರೋಗಿಯ ಎದುರು ಎದುರಾಡುವವಳಲ್ಲ. ಟೀಚರನ್ನು ಹೊರಗೆ ಕೂಡಿಸಿ ಬಂದು ಹೇಳಿದೆ: "ಶರಣಪ್ಪಗ ಅಟ್ಯಾಕ್ ಆಗಿದ್ದು ಆಪರೇಶನ್ ಮಾಡಿಸಿದ್ದಕ್ಕ ಅಲ್ರಿ ಸಾಹೇಬ್ರ, ಗುಳಿಗಿ ಬಿಟ್ಟಿದ್ದಕ್ಕ. ನೀವೇ ಹೇಳಿದ್ರಿ. ಈಕಿ ಗುಳಿಗಿ ಬಿಡಾಕಿ ಅಲ್ಲ."

ಅವರು ಕನ್ನಡಕ ಹಾಕಿಕೊಂಡು ರಿಪೋರ್ಟನ್ನು ಮತ್ತೊಮ್ಮೆ ಓದಿದರು. ಆಮೇಲೆ ಸವಿತಾಳನ್ನು ಮತ್ತೆ ಒಳಗೆ ಕರೆಸಿ, ಎಷ್ಟು ಸಲ ತೂಕ ಇಳಿಸಲು ನೋಡಿದ್ದಾಳೆ, ಹೇಗೆ, ಎಲ್ಲವನ್ನೂ ಕೇಳಿದರು. ಸೊಲ್ಲಾಪುರದ ಒಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. "ಮದಲ ಹೃದಯ ತಪಾಸಣೆ. ಅವರು ಹೂಂ ಅಂದ್ರ ಮುಂದಿಂದು," ಅಂದರು.

ಎರಡನೆಯ ಗೋಡೆ ಮನೆಯಲ್ಲಿತ್ತು. ಸವಿತಾ ಕೇಳಿಕೊಂಡಳೆಂದು ಒಂದು ಭಾನುವಾರ ನರೋಣಾಕ್ಕೆ ಹೋದೆ. ಶಾಂತಾಬಾಯಿ ತೆಳ್ಳಗಿನ, ಎತ್ತರದ ಹೆಂಗಸು. ಚಹಾದ ಜೊತೆ ಶೇಂಗಾ ಹಾಕಿ ಮಂಡಕ್ಕಿಗೆ ಒಗ್ಗರಣೆ ಕೊಟ್ಟ ಸುಸಲಾ ತಟ್ಟೆ ತುಂಬ ತಂದಿಟ್ಟರು. ನಾನು ಅರ್ಧ ಸಾಕು ಅಂದರೆ ಮತ್ತಷ್ಟು ಹಾಕಿದರು. ಆಪರೇಷನ್ ಮಾತು ತೆಗೆದ ಕೂಡಲೇ ಅವರ ಕೈ ನಿಂತಿತು.

"ಬಾಯಿ, ನಿಮಗ ಗೊತ್ತಿಲ್ಲ. ನಾ ಸಣ್ಣಾಕಿ ಇದ್ದಾಗ ಮಂದಿ ಹೊಲದಾಗ ದಿನಾ ದುಡದು, ಸಂಜಿಗಿ ಒಂದು ರೊಟ್ಟಿ ನಾಕ್ ಮಂದಿ ಹರ್ಕೊಂಡು ತಿಂದೇವಿ. ನನ್ನ ಮಕ್ಕಳು ಹಸಗೊಂಡು ಮಲಗಬಾರದು ಅಂತ ಜಲ್ಮ ತೇಯ್ದೇನಿ. ಅವರಪ್ಪ ನೌಕರಿ ಹಿಡದ, ಮನಿಯಾಗ ಹೊಟ್ಟಿ ತುಂಬ ಅನ್ನ ಆತು. ಈಗ ಈಕಿ ಆ ಹೊಟ್ಟೀನೇ ಕೊಯ್ಸಕೊಳ್ಳಾಕ ಹೊಂಟಾಳ! ನಾವು ತುಂಬಿಸಿದ್ದು ತಪ್ಪಾತೇನು?"

ನಾನು ಅತನೂರಿನ ಹತ್ತಿರದ ಹೊಲಮನೆ ಇದ್ದವರ ಮಗಳು. ಹಸಿವು ಅಂದರೆ ಊಟಕ್ಕೆ ಕರೆಯುವುದು ತಡವಾಗುವುದು ಎಂದಷ್ಟೇ ತಿಳಿದು ಬೆಳೆದವಳು. ಕೊಬ್ಬು, ಸಕ್ಕರೆ ಎಂದು ನಾನು ಕಲಿತ ಯಾವ ಮಾತೂ ಆ ಮನೆಯಲ್ಲಿ ನಾಲಿಗೆಗೆ ಬರಲಿಲ್ಲ.

ಮಾತಾಡಿದವಳು ಸವಿತಾ. ಕಟ್ಟೆಯ ಮೇಲೆ ಕೂತಿದ್ದವಳು ಕಷ್ಟಪಟ್ಟು ಎದ್ದು ತಾಯಿಯ ಮುಂದೆ ನಿಂತಳು. "ತುಂಬಿಸಿದ್ದು ತಪ್ಪಲ್ಲ ಯವ್ವಾ. ಅದಕ್ಕ ನಾ ಓದೇನಿ, ಟೀಚರ್ ಆಗೇನಿ. ಆದ್ರ ಅಪ್ಪನ್ನ ಮಣ್ಣ ಮಾಡಿದಿ. ಅಣ್ಣನ್ನ ಮಾಡಿದಿ. ನನ್ನೂ ನೀನೇ ಮಾಡಾಕಿ ಏನು? ನಾ ನಿನಗಿಂತ ಮದಲ ಹೋಗಾಕಿ ಅಲ್ಲ. ಅದಕ್ಕ ಏನ್ ಮಾಡಬೇಕೋ ಮಾಡ್ತೇನಿ."

ಶಾಂತಾಬಾಯಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಸೊಲ್ಲಾಪುರದಲ್ಲಿ ಹೃದಯದ ಡಾಕ್ಟರು ಪರೀಕ್ಷೆ ಮಾಡಿ, ಒಂದು ರಕ್ತನಾಳ ಬಹಳ ಕಿರಿದಾಗಿದೆ ಅಂದರು. ಎದೆನೋವು ಒಮ್ಮೆಯೂ ಬಂದಿರಲಿಲ್ಲ. ಏದುಸಿರು ಬರುವುದು ದಪ್ಪಗಿರುವುದರಿಂದ ಎಂದು ಅವಳೂ ನಾವೂ ತಿಳಿದಿದ್ದೆವು. ಸ್ಟೆಂಟ್ ಹಾಕಿದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಗಳನ್ನು ನಡುವೆ ನಿಲ್ಲಿಸುವಂತಿಲ್ಲ. ಹಾಗಾಗಿ ಹೊಟ್ಟೆಯ ಆಪರೇಷನ್ ಸುಮಾರು ಒಂದು ವರ್ಷ ಮುಂದಕ್ಕೆ ಹೋಯಿತು.

ಊರಿನಲ್ಲಿ ಮಾತಾಡಿಕೊಂಡರು: ಅದು ಬೇಡವೆಂಬುದಕ್ಕೇ ಹೀಗಾಯಿತು, ಇಷ್ಟಕ್ಕೆ ಬಿಡಲಿ. ಶಾಂತಾಬಾಯಿಯೂ, "ಸಾಕು ಬಿಡು ಬೇ, ಜೀವ ಉಳೀತಲ್ಲ," ಅಂದರಂತೆ. ಸವಿತಾ ನನಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮುಂದ ಹೋಗ್ಯಾದ್ರಿ ಅಕ್ಕ, ರದ್ದಾಗಿಲ್ಲ."

ಆ ವರ್ಷ ಅವಳು ಒಂದು ಸಲವೂ ಕ್ಲಿನಿಕ್ಕು ತಪ್ಪಿಸಲಿಲ್ಲ. ನಾನು ಶರಣಪ್ಪನ ಫೋನ್ ನಂಬರು ಹುಡುಕಿ ಇಬ್ಬರನ್ನೂ ಮಾತಾಡಿಸಿದೆ. ಅವರೇನು ಮಾತಾಡಿಕೊಂಡರೋ ಕೇಳಲಿಲ್ಲ. ಆಮೇಲೆ ಅವಳು ನಗುತ್ತ, "ಆ ಕಾಕಾ ಪೂರಾ ಹೊತ್ತು ಗುಳಿಗಿ ಬಿಡಬ್ಯಾಡವ್ವ ಅಂತ ಒಂದೇ ಮಾತು ಹೇಳ್ಯಾರ," ಅಂದಳು.

ಒಂದು ಭೇಟಿಯಲ್ಲಿ ಡಾ. ಇನಾಮದಾರರು ಅವಳ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ಬೆರಳಿನಿಂದ ಒತ್ತಿ ನೋಡಿದರು. ಅಲ್ಲಿ ಗಂಟುಗಂಟಾಗಿ ದಪ್ಪಗಿತ್ತು. ಚಪ್ಪಲಿ ಉಜ್ಜಿ ಹಾಗಾಗಿದೆ ಎಂದು ಅವಳು ಅಂದುಕೊಂಡಿದ್ದಳು. ತಂದೆಗೂ ಹೀಗೆ ಇತ್ತೇ ಎಂದು ಕೇಳಿದರು. ಜೊತೆಗೆ ಬಂದಿದ್ದ ಶಾಂತಾಬಾಯಿ, "ಇತ್ರಿ. ಮಗನಿಗೂ ಇತ್ತು," ಅಂದರು. ಸೊಲ್ಲಾಪುರದ ಡಾಕ್ಟರಿಗೂ ಅದೇ ಸಂಶಯವಿತ್ತು. ಇದು ತಂದೆಯ ಕಡೆಯಿಂದ ರಕ್ತದಲ್ಲೇ ಇಳಿದು ಬಂದ ಕೊಬ್ಬಿನ ಕಾಯಿಲೆ. ಹುಟ್ಟಿದಾಗಿನಿಂದಲೇ ಇರುತ್ತದೆ. ತೆಳ್ಳಗಿದ್ದರೂ ಇರುತ್ತದೆ ಎಂದು ಡಾ. ಇನಾಮದಾರರು ವಿವರಿಸಿದರು.

ಶಾಂತಾಬಾಯಿ ನಂಬದವರ ಹಾಗೆ ಕೇಳಿದರು. "ಅಂದ್ರ... ನಾ ಮಾಡಿ ಹಾಕಿದ್ದರಿಂದ ಅಲ್ಲೇನ್ರಿ?"

"ಏನು ಅಲ್ಲ?" ಅಂದರು ಡಾಕ್ಟರು.

"ಹೋಳಿಗಿ ಮ್ಯಾಲೆ ತುಪ್ಪ ಸುರವಿ ಸುರವಿ ಕೊಟ್ಟೇನ್ರಿ ಸಾಹೇಬ್ರ. ಅವರಿಗೂ ಕೊಟ್ಟೆ, ಮಗನಿಗೂ ಕೊಟ್ಟೆ. ಇಷ್ಟು ವರ್ಷ ನಾನೇ ಕೊಂದೇನಿ ಅಂತ..." ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸವಿತಾ ಅವರನ್ನು ತಬ್ಬಿಕೊಂಡು ನಿಂತಳು. ಇಬ್ಬರ ನಡುವೆ ಆ ಮಾತು ಎಂದೂ ಬಂದಿರಲಿಲ್ಲವೆಂದು ಆಗ ನನಗೆ ತಿಳಿಯಿತು.

ಬೈಯುವುದರಲ್ಲಿ ಹೆಸರುವಾಸಿಯಾದ ಆ ಮನುಷ್ಯ ಎದ್ದು ಬಂದು ಶಾಂತಾಬಾಯಿಯ ಪಕ್ಕದ ಸ್ಟೂಲಿನ ಮೇಲೆ ಕೂತರು. "ಅವ್ವಾ, ನಿಮ್ಮ ಕೈ ಅವರನ್ನ ಕೊಂದಿಲ್ಲ. ತುಪ್ಪ ಸ್ವಲ್ಪ ಹೆಚ್ಚು ಮಾಡಿರಬಹುದು, ಇಲ್ಲ ಅನ್ನಂಗಿಲ್ಲ. ಆದ್ರ ರೋಗದ ಬೇರು ಅವರ ಮನೆತನದ ರಕ್ತದಾಗಿತ್ತು. ಆಗ ನೋಡಾವರು ಯಾರೂ ಇರಲಿಲ್ಲ. ಈಗ ನೋಡೇವಿ."

ಕಣ್ಣೊರೆಸಿಕೊಂಡ ಶಾಂತಾಬಾಯಿ ಕೇಳಿದ ಪ್ರಶ್ನೆ ನನ್ನ ಮನಸ್ಸಿನಲ್ಲೂ ಇತ್ತು. "ರಕ್ತದಾಗೇ ಇದ್ರ, ಹೊಟ್ಟಿ ಆಪರೇಶನ್ ಯಾಕ್ರಿ ಮತ್ತ?"

"ಒಂದು ಎತ್ತಿನ ಬಂಡಿ ಅಂತ ತಿಳೀರಿ," ಅಂದರು ಡಾಕ್ಟರು. "ಅದರಾಗ ನಾಕ್ ಚೀಲ ಹೇರಿದಾರ. ಒಂದು ಸಕ್ಕರಿ, ಒಂದು ಬಿಪಿ, ಒಂದು ಮೈಭಾರ, ಇನ್ನೊಂದು ಈ ಮನೆತನದ ಕೊಬ್ಬು. ಆಪರೇಶನ್ ಮಾಡಿಸಿದ್ರ ಮೂರು ಚೀಲದ ಭಾರ ಭಾಳ ಇಳೀತದ. ನಾಕನೇದು ಸ್ವಲ್ಪ ಇಳೀತದ, ಉಳಿದಿದ್ದಕ್ಕ ಗುಳಿಗಿ. ಎತ್ತಿಗಿ ಅಷ್ಟಾದ್ರೂ ಹಗುರ ಆಗತದಲ್ಲ?"

ಅದೇ ಡಾಕ್ಟರು ಮೊದಲು ಷೋಕಿ ಅಂದದ್ದು ನೆನಪಾಗಿ ನಾನು ತಲೆ ತಗ್ಗಿಸಿ ನಕ್ಕೆ.

ಶರಣಪ್ಪನಿಗೆ ಮಾಡಿದ್ದು ಜಠರವನ್ನು ಕೊಯ್ದು ಕಿರಿದು ಮಾಡುವ ಆಪರೇಷನ್. ಸವಿತಾಳಿಗೆ ಸೊಲ್ಲಾಪುರದ ಸರ್ಜನ್ ಬೇರೆ ರೀತಿಯದನ್ನು ಆರಿಸಿದರು. ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲದಷ್ಟು ಉಳಿಸಿ, ಅದನ್ನು ನೇರವಾಗಿ ಮುಂದಿನ ಕರುಳಿಗೆ ಜೋಡಿಸುವ ಬೈಪಾಸ್. ಊಟ ಸುತ್ತುದಾರಿ ಹಿಡಿದು ಹೋಗುವುದರಿಂದ ಮೈಗೆ ಹತ್ತುವ ಕೊಬ್ಬೂ ಕಡಿಮೆ, ಕೆಟ್ಟ ಕೊಬ್ಬು ಇದರಲ್ಲಿ ತುಸು ಹೆಚ್ಚು ಇಳಿಯುತ್ತದೆ ಎಂದು ವಿವರಿಸಿದರು. ಆದರೆ ವಿಟಮಿನ್ನು, ಕಬ್ಬಿಣ, ಸುಣ್ಣದ ಅಂಶವೂ ಸರಿಯಾಗಿ ಹತ್ತುವುದಿಲ್ಲ. ಅವುಗಳ ಗುಳಿಗೆ ಜೀವನಪೂರ್ತಿ ಬೇಕು. ಸವಿತಾ ಎಲ್ಲಕ್ಕೂ ತಲೆಯಾಡಿಸಿದಳು.

ನಾನು ರಜೆ ಹಾಕಿ ಜೊತೆಗೆ ಹೋಗಿದ್ದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಮಗಳಿಗೆ ಮೊದಲ ಸಲ ಗಂಜಿನೀರು ಕೊಡುವಾಗ ಶಾಂತಾಬಾಯಿಯ ಕೈಗೆ ನರ್ಸು ಒಂದು ಸಣ್ಣ ಚಮಚ ಕೊಟ್ಟಳು. ಜೀವನವಿಡೀ ತಟ್ಟೆ ತುಂಬ ಬಡಿಸಿದ ಆ ಕೈ ಒಂದು ಚಮಚ ಕೊಟ್ಟು, ಕಾದು, ಇನ್ನೊಂದು ಕೊಟ್ಟು, ಅಲ್ಲಿಗೆ ನಿಲ್ಲಿಸಬೇಕಿತ್ತು. ಬಟ್ಟಲಿನಲ್ಲಿ ಇನ್ನೂ ಉಳಿದಿತ್ತು. ಅವರು ಬಟ್ಟಲು ನೋಡಿದರು, ಮಗಳ ಮುಖ ನೋಡಿದರು. "ಸಾಕೇನು?" ಅಂದರು. ಸವಿತಾ, "ಸಾಕವ್ವ, ಹೊಟ್ಟಿ ತುಂಬ್ಯಾದ," ಅಂದಳು. ಆ ತಾಯಿ ಬಟ್ಟಲನ್ನು ಕೆಳಗಿಟ್ಟದ್ದು ಎಷ್ಟು ದೊಡ್ಡ ಕೆಲಸವೆಂದು ಅಲ್ಲಿದ್ದ ನನಗೆ ಗೊತ್ತು.

ಆಮೇಲಿನ ತಿಂಗಳುಗಳು ಸುಲಭವಾಗಿರಲಿಲ್ಲ. ಜಾಹೀರಾತುಗಳು ಇದನ್ನು ಹೇಳುವುದಿಲ್ಲ, ಹಾಗಾಗಿ ನೀವು ರೋಗಿಗಳಿಗೆ ಮುಂಚೆಯೇ ಹೇಳಬೇಕು. ಗಡಬಡಿಸಿ ತಿಂದರೆ ವಾಂತಿ. ಒಂದು ಮದುವೆಯಲ್ಲಿ ಯಾರೋ ಬಲವಂತ ಮಾಡಿ ಬಾಯಿಗಿಟ್ಟ ಬೆಲ್ಲದ ಮಾಲದಿ ತಿಂದು, ಆ ಸಿಹಿ ತಡೆಯದೆ ಎದೆ ಡವಡವ ಹೊಡೆದುಕೊಂಡು ಬೆವೆತು ಕೂತುಬಿಟ್ಟಳು. ಕೂದಲು ಗೊಂಚಲು ಗೊಂಚಲಾಗಿ ಉದುರಿತು. ಅವಳು ಬಾಚಣಿಗೆ ತಂದು ನನ್ನ ಮೇಜಿನ ಮೇಲಿಟ್ಟು, "ತಲಿ ತೂಕಾನೂ ಇಳೀಲಾಕತ್ಯಾದ್ರಿ," ಅಂದಳು. ಬೇಳೆ, ಮೊಟ್ಟೆ, ಮೊಸರು ಹೆಚ್ಚಿಸಿದೆವು. ಕೂದಲು ನಿಧಾನವಾಗಿ ಮರಳಿತು.

ತೂಕ ಇಳಿಯಿತು. ಸಕ್ಕರೆಯ ಗುಳಿಗೆಯನ್ನು ಡಾಕ್ಟರೇ ನಿಲ್ಲಿಸಿದರು. ಬಿಪಿಯದು ಅರ್ಧವಾಯಿತು. ಟ್ರೈಗ್ಲಿಸರೈಡ್ ಮಿತಿಯೊಳಗೆ ಬಂತು. ರಕ್ತನಾಳವನ್ನು ಕಾಯುವ ಒಳ್ಳೆಯ ಕೊಬ್ಬು ಮಾತ್ರ ಮೊದಲು ಕಡಿಮೆಯಾಗಿ ನಮ್ಮನ್ನು ಹೆದರಿಸಿತು. ತೂಕ ಜೋರಾಗಿ ಇಳಿಯುವಾಗ ಹಾಗಾಗುವುದುಂಟು, ಆಮೇಲೆ ಏರುತ್ತದೆ ಎಂದು ಡಾಕ್ಟರು ಸಮಾಧಾನ ಹೇಳಿದರು. ಹಾಗೇ ಆಯಿತು. ಕೆಟ್ಟ ಕೊಬ್ಬು? ಇಳಿದಿತ್ತು. ಆದರೆ ಸ್ಟೆಂಟ್ ಹಾಕಿಸಿಕೊಂಡ ಹೃದಯಕ್ಕೆ ಅಷ್ಟು ಸಾಲದು. ಡಾಕ್ಟರು ಹಳೆಯ ಗುಳಿಗೆಯ ಜೊತೆ ಇನ್ನೊಂದು ಸೇರಿಸಿದರು.

ಆವತ್ತು ಮಾತ್ರ ಸವಿತಾಳ ಸಹನೆ ಕೆಟ್ಟಿತು. ಚೀಟಿಯನ್ನು ನನ್ನ ಮುಂದೆ ಕುಕ್ಕಿದಳು. "ಹೊಟ್ಟಿ ಕೊಯ್ಸೇನಿ, ಕರುಳು ಜೋಡಿಸ್ಕೊಂಡೇನಿ, ಕೂದಲಾ ಕಳಕೊಂಡೇನಿ. ಇಷ್ಟಾದ ಮ್ಯಾಲೂ ಇನ್ನೊಂದು ಗುಳಿಗಿ ಏನ್ರಿ ಅಕ್ಕ?"

ಇಂಥ ಹೊತ್ತಿನಲ್ಲಿ ಸಿಹಿ ಮಾತು ಆಡಬೇಡಿ. ರೋಗಿಗೆ ಅದು ತಟ್ಟುವುದಿಲ್ಲ. ನಾನು ಹೇಳಿದೆ: "ಅಪ್ಪಗ, ಅಣ್ಣಗ ಈ ಗುಳಿಗಿ ಸಿಕ್ಕಿರಲಿಲ್ಲ. ನಿಮಗ ಸಿಕ್ಕದ. ಬ್ಯಾಡ ಅಂದ್ರ ಇಲ್ಲೇ ಬಿಟ್ಟು ಹೋಗ್ರಿ."

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಚೀಟಿ ಎತ್ತಿಕೊಂಡಳು. "ತಗೋತೇನ್ರಿ. ಖರೇ, ಸಿಟ್ಟಿಲೇ ತಗೋತೇನಿ."

"ಸಿಟ್ಟಿಲೇ ತಗೋರಿ. ಬಿಡಬ್ಯಾಡ್ರಿ ಅಷ್ಟ."

ಮುಂದಿನ ಪರೀಕ್ಷೆಯಲ್ಲಿ ಕೆಟ್ಟ ಕೊಬ್ಬು ಡಾಕ್ಟರಿಗೆ ಬೇಕಾದ ಮಟ್ಟಕ್ಕೆ ಇಳಿದಿತ್ತು. ಅವಳೀಗ ಬೋರ್ಡಿನ ಮುಂದೆ ಪೂರ್ತಿ ತರಗತಿ ನಿಂತೇ ಪಾಠ ಮಾಡುತ್ತಾಳೆ. ಅಪಾಯ ಪೂರ್ತಿ ಹೋಯಿತು ಎಂದು ನಾನು ಬರೆಯುವುದಿಲ್ಲ, ಯಾವ ಡಾಕ್ಟರೂ ಹಾಗೆ ಅನ್ನುವುದಿಲ್ಲ. ಬಹಳಷ್ಟು ಇಳಿದಿದೆ. ತಂದೆ, ಅಣ್ಣ ಮುಟ್ಟದ ವಯಸ್ಸಿನ ಕಡೆ ಅವಳು ನಡೆಯುತ್ತಿದ್ದಾಳೆ. ನಮ್ಮ ಕೆಲಸದಲ್ಲಿ ಗೆಲುವು ಅಂದರೆ ಹೀಗೇ ಇರುತ್ತದೆ. ರೋಗಿ ಒಂದೇ ಸಲಕ್ಕೆ ಗುಣವಾಗಿ ಕೈಮುಗಿದು ಹೋಗುವುದಿಲ್ಲ. ಮುಂದಿನ ತಿಂಗಳು ಮತ್ತೆ ಬರುತ್ತಾನೆ, ಅದೇ ಗೆಲುವು.

ನಾನು ನಿವೃತ್ತಳಾಗುವ ಕೆಲವೇ ವಾರ ಮೊದಲು ಶಾಂತಾಬಾಯಿ ಮೊಮ್ಮಗಳು ಪ್ರಜ್ಞಾಳನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಬಂದರು. ಸವಿತಾ ಶಾಲೆಯಲ್ಲಿದ್ದಳು. ಯಾರೂ ಕಳಿಸಿರಲಿಲ್ಲ, ಅವರೇ ಬಸ್ಸು ಹತ್ತಿ ಬಂದಿದ್ದರು. ಪ್ರಜ್ಞಾ ಹೈಸ್ಕೂಲು ಓದುತ್ತಿದ್ದ ತೆಳ್ಳಗಿನ ಹುಡುಗಿ, ಆಟದಲ್ಲಿ ಮುಂದು. ಸೂಜಿ ಕಂಡದ್ದೇ ಅಜ್ಜಿಯ ಬೆನ್ನ ಹಿಂದೆ ಸರಿದಳು.

"ಇವರಪ್ಪನ ರಕ್ತ ಈಕೀದು. ನೋಡ್ರಿ ಬಾಯಿ," ಅಂದರು ಶಾಂತಾಬಾಯಿ. ಮೊಮ್ಮಗಳು ಕೈ ಕೊಡಲಿಲ್ಲ. ಅವರು ತಾವೇ ಕುರ್ಚಿಯ ಮೇಲೆ ಕೂತು ಸೀರೆಯ ಸೆರಗು ಸರಿಸಿ ತೋಳು ಚಾಚಿದರು. "ಮದಲ ನಂದು ತಗೋರಿ. ಈಕಿ ನೋಡ್ಲಿ."

ಇಬ್ಬರ ರಕ್ತವನ್ನೂ ತೆಗೆದೆ. ಈಗ ಗುಲಬರ್ಗಾಕ್ಕೆ ಫ್ಲಾಸ್ಕು ಕಳಿಸಬೇಕಿಲ್ಲ, ಫಲಿತಾಂಶ ಅಲ್ಲೇ ಬರುತ್ತದೆ. ಅಜ್ಜಿಯದು ಚೊಕ್ಕವಾಗಿತ್ತು. ಮೊಮ್ಮಗಳದು ಹೆಚ್ಚಿತ್ತು, ಬಹಳ ಹೆಚ್ಚು. ಡಾ. ಇನಾಮದಾರರು ಮಕ್ಕಳ ಹೃದಯದ ತಜ್ಞರಿಗೆ ಚೀಟಿ ಬರೆಯುತ್ತಿದ್ದಾಗ ಪ್ರಜ್ಞಾ ಬಿಕ್ಕಿ ಬಿಕ್ಕಿ ಅಳತೊಡಗಿದಳು. ರಿಪೋರ್ಟಿನಲ್ಲಿ ಬಂದದ್ದನ್ನು ಅಜ್ಜಿಗೆ ಹೇಗೆ ಬಿಡಿಸಿ ಹೇಳಲಿ ಎಂದು ನಾನು ಯೋಚಿಸುತ್ತಿದ್ದೆ.

ಶಾಂತಾಬಾಯಿ ನನ್ನನ್ನು ಕೇಳಿದರು. "ಇವರಜ್ಜನಿಗಿಂತ, ಇವರಪ್ಪನಿಗಿಂತ ಜಲ್ದಿ ಗೊತ್ತಾತ್ ಹೌದಲ್ರಿ?"

"ಹೌದ್ರಿ. ಭಾಳ ಜಲ್ದಿ ಗೊತ್ತಾತು."

ಅವರು ಮೊಮ್ಮಗಳ ಕಣ್ಣನ್ನು ಸೆರಗಿನಿಂದ ಒರೆಸಿ, ಗಲ್ಲ ಹಿಡಿದು ಮುಖ ಎತ್ತಿದರು. "ಹಂಗಾದ್ರ ಅಳೂದ್ಯಾಕ ಬೇ?" ಅಂದರು. ಆಮೇಲೆ ಡಾಕ್ಟರ ಕಡೆ ತಿರುಗಿ ಕೂತರು. "ಏನೇನ್ ಮಾಡಬೇಕು, ಈಗೇ ಹೇಳ್ರಿ ಸಾಹೇಬ್ರ."